ಎಷ್ಟು ಕರೆಂಟು, ಯಾರಿಗೆ, ಯಾತಕ್ಕೆ? ಹವಾಮಾನ ಹೋರಾಟಗಾರರ ಒಳಜಗಳದ ಬಗ್ಗೆ

(ಶಿವಮೊಗ್ಗದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ)

2023ರ ಫೆಬ್ರವರಿ ಕೊನೆಯಲ್ಲಿ ನಾರ್ವೆಯ ರಾಜಧಾನಿ ಓಸ್ಲೊದಲ್ಲಿ ಒಂದಷ್ಟು ಯುವಕ ಯುವತಿಯರು ಇಂಧನ ಸಚಿವಾಲಯಕ್ಕೆ ನುಗ್ಗಿ ಧರಣಿ ಕೂತರು. ಮುಂದಿನ ದಿನಗಳಲ್ಲಿ ಬೇರೆ ಸಚಿವಾಲಯಗಳ ಬಾಗಿಲಿಗೂ ಅಡ್ಡ ಕೂತರು. ಪೊಲೀಸರು ಒಬ್ಬೊಬ್ಬರನ್ನೇ ಎತ್ತಿಕೊಂಡು ಹೋಗಿ ಆಚೆ ಬಿಟ್ಟರು. ಹಾಗೆ ಎತ್ತಿಸಿಕೊಂಡವರಲ್ಲಿ ಗ್ರೇಟಾ ತುನ್‌ಬರ್ಗ್ ಕೂಡ ಇದ್ದರು. ಅವರ ಬೇಡಿಕೆ ಏನಿತ್ತು ಗೊತ್ತಾ? ಗಾಳಿಯಿಂದ ಕರೆಂಟು ಮಾಡುವ ಯಂತ್ರಗಳನ್ನು ಕಿತ್ತು ಹಾಕಿ ಅಂತ.

ವಿಚಿತ್ರ ಅನ್ನಿಸುತ್ತದೆ ಅಲ್ವಾ? ಹವಾಮಾನದ ಸಲುವಾಗಿ ಶಾಲೆ ಬಿಟ್ಟು ಸಂಸತ್ತಿನ ಮುಂದೆ ಕೂತ ಹುಡುಗಿ ಗಾಳಿ ವಿದ್ಯುತ್ತಿಗೆ ಯಾಕೆ ಅಡ್ಡ ಬರಬೇಕು? ನಡೆದದ್ದು ಇಷ್ಟು. ನಾರ್ವೆಯ ಫೋಸೆನ್ ಎಂಬಲ್ಲಿ 151 ಗಾಳಿಯಂತ್ರಗಳನ್ನು ನಿಲ್ಲಿಸಿದರು. ಅದು ಸಾಮಿ ಎಂಬ ಮೂಲನಿವಾಸಿಗಳು ತಲೆತಲಾಂತರದಿಂದ ಹಿಮಸಾರಂಗ ಮೇಯಿಸಿಕೊಂಡು ಬಂದ ಜಾಗ. ಚಳಿಗಾಲದಲ್ಲಿ ಅವುಗಳಿಗೆ ಮೇವು ಸಿಗುವುದೇ ಅಲ್ಲಿ. ಯಂತ್ರ ತಿರುಗುವ ಕಡೆ ಸಾರಂಗಗಳು ಸುಳಿಯುವುದಿಲ್ಲ ಎನ್ನುವುದು ಅವುಗಳನ್ನು ಮೇಯಿಸುವವರ ಅನುಭವ. 2021ರ ಅಕ್ಟೋಬರ್‌ನಲ್ಲಿ ನಾರ್ವೆಯ ಸುಪ್ರೀಂ ಕೋರ್ಟ್ ಅವರ ಮಾತನ್ನು ಎತ್ತಿಹಿಡಿಯಿತು. ಸಾಮಿಗಳ ಸಂಸ್ಕೃತಿಯ ಹಕ್ಕಿಗೆ ಧಕ್ಕೆಯಾಗಿದೆ, ಪರವಾನಗಿ ಊರ್ಜಿತವಲ್ಲ ಎಂದಿತು. ತೀರ್ಪು ಬಂದು 500 ದಿನ ಕಳೆದರೂ ಯಂತ್ರಗಳು ತಿರುಗುತ್ತಲೇ ಇದ್ದವು. ಅದಕ್ಕೇ ಆ ಧರಣಿ. ಕೊನೆಗೆ 2023ರ ಡಿಸೆಂಬರ್ ಮತ್ತು 2024ರ ಮಾರ್ಚ್‌ನಲ್ಲಿ ಒಪ್ಪಂದಗಳಾದವು. ಸಾಮಿಗಳಿಗೆ ಪರಿಹಾರ, ಬೇರೆ ಮೇವಿನ ಜಾಗ ಸಿಕ್ಕಿತು. ಯಂತ್ರಗಳು ಮಾತ್ರ ಅಲ್ಲೇ ಉಳಿದವು.

ಇಲ್ಲಿ ಎರಡು ಕಡೆಯವರೂ ಭೂಮಿ ಬಿಸಿಯಾಗುವುದನ್ನು ತಡೆಯಬೇಕು ಎನ್ನುವವರೇ. ಇವತ್ತು ನಾನು ಮಾತಾಡಬೇಕೆಂದಿರುವುದು ಈ ಒಳಜಗಳದ ಬಗ್ಗೆ. ಕಲ್ಲಿದ್ದಲು ಕಂಪನಿಗಳ ಜೊತೆಗಿನ ಜಗಳ ನಿಮಗೆ ಗೊತ್ತಿರುವುದೇ, ಅದನ್ನು ಬಿಡೋಣ. ನಮ್ಮವರು ನಮ್ಮವರೇ ಮುಖ ತಿರುಗಿಸಿಕೊಳ್ಳುತ್ತಿರುವುದು ಯಾಕೆ? ಅದರಲ್ಲಿ ಹುರುಳಿದೆಯಾ? ನನ್ನ ಪ್ರಕಾರ ಬಹಳ ಹುರುಳಿದೆ. ಆದರೆ ಎರಡೂ ಕಡೆಯವರು ಕೇಳಬೇಕಾದ ಒಂದು ಪ್ರಶ್ನೆಯನ್ನು ಬಿಟ್ಟಿದ್ದಾರೆ. ಆ ಪ್ರಶ್ನೆಯನ್ನು ಬಹಳ ಹಿಂದೆಯೇ ಕೇಳಿದವರು ಬೆಂಗಳೂರಿನಲ್ಲಿ ಕೂತು ಕೆಲಸ ಮಾಡಿದ ಒಬ್ಬ ವಿಜ್ಞಾನಿ. ಅವರ ಹತ್ತಿರ ಆಮೇಲೆ ಬರುತ್ತೇನೆ.

ಜಗಳದ ದೊಡ್ಡ ಬೇರು ಆರ್ಥಿಕ ಬೆಳವಣಿಗೆ. ಜಿಡಿಪಿ ಪ್ರತಿವರ್ಷ ಬೆಳೆಯುತ್ತಲೇ ಹೋಗಬೇಕಾ? ಬೆಳೆಯುತ್ತಲೇ, ಹೊಗೆಯಾಗಿ ಗಾಳಿಗೆ ಸೇರುವ ಇಂಗಾಲವನ್ನು ಇಳಿಸೋಕೆ ಆಗುತ್ತಾ? ಇದು ಹಳೆಯ ಪ್ರಶ್ನೆ. 1972ರಲ್ಲೇ ಅಮೆರಿಕದ ಎಂಐಟಿಯ ಸಂಶೋಧಕರು ಕಂಪ್ಯೂಟರ್ ಲೆಕ್ಕ ಹಾಕಿ, ಹೀಗೇ ಬೆಳೆಯುತ್ತಾ ಹೋದರೆ ಭೂಮಿ ತಾಳುವುದಿಲ್ಲ ಎಂದು ವರದಿ ಕೊಟ್ಟಿದ್ದರು. 2019ರಲ್ಲಿ ವಿಶ್ವಸಂಸ್ಥೆಯಲ್ಲಿ ನಿಂತು ಗ್ರೇಟಾ, ನೀವೆಲ್ಲ ಮಾತಾಡುವುದು ಬರೀ ದುಡ್ಡಿನ ಬಗ್ಗೆ, ಎಂದೂ ಮುಗಿಯದ ಬೆಳವಣಿಗೆಯ ಕಟ್ಟುಕಥೆಗಳ ಬಗ್ಗೆ ಎಂದು ಸಿಟ್ಟಿನಿಂದ ಹೇಳಿದ್ದನ್ನು ನೀವು ಕೇಳಿರಬಹುದು.

ಒಂದು ಕಡೆ ರಾಬರ್ಟ್ ಪೋಲಿನ್ ಥರದವರಿದ್ದಾರೆ. ಅವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ, ಎಡಪಂಥೀಯ, ಕಾರ್ಮಿಕರ ಪರ. 2018ರಲ್ಲಿ ಒಂದು ಲೇಖನ ಬರೆದರು. ವಾದ ಬಹಳ ಸರಳ. ಮುಂದಿನ ಎರಡು ದಶಕದಲ್ಲಿ ಜಗತ್ತಿನ ಜಿಡಿಪಿಯನ್ನು ಶೇ 10ರಷ್ಟು ಕುಗ್ಗಿಸಿದಿರಿ ಅಂತಿಟ್ಟುಕೊಳ್ಳಿ. ಅದು ಭಯಂಕರ ಆರ್ಥಿಕ ಕುಸಿತ, ಕೋಟ್ಯಂತರ ಜನ ಕೆಲಸ ಕಳೆದುಕೊಳ್ಳುತ್ತಾರೆ. ಅಷ್ಟೆಲ್ಲ ಮಾಡಿದರೂ, ಬೇರೇನೂ ಬದಲಾಗದಿದ್ದರೆ, ಇಂಗಾಲ ಇಳಿಯುವುದೂ ಅದೇ ಶೇ 10 ಮಾತ್ರ. ನಮಗೆ ಬೇಕಾದದ್ದು ಪೂರ್ತಿ ಸೊನ್ನೆ. ಅದರ ಬದಲು ಜಗತ್ತಿನ ಜಿಡಿಪಿಯ ಶೇ 1.5ರಿಂದ 2ರಷ್ಟನ್ನು ವರ್ಷವರ್ಷವೂ ಸೋಲಾರ್, ಗಾಳಿ, ಇಂಧನ ಉಳಿತಾಯಕ್ಕೆ ಹಾಕಿ ಎನ್ನುತ್ತಾರೆ. ಕೆಲಸವೂ ಹುಟ್ಟುತ್ತದೆ, ಇಂಗಾಲವೂ ಇಳಿಯುತ್ತದೆ.

ಇನ್ನೊಂದು ಕಡೆ ಜೇಸನ್ ಹಿಕಲ್ ಇದ್ದಾರೆ. ಹುಟ್ಟಿದ್ದು ಆಫ್ರಿಕಾದ ಎಸ್ವಾಟಿನಿಯಲ್ಲಿ, ಈಗ ಬಾರ್ಸಿಲೋನಾದಲ್ಲಿ ಪ್ರಾಧ್ಯಾಪಕ. ಶ್ರೀಮಂತ ದೇಶಗಳು ಯೋಜನೆ ಹಾಕಿಕೊಂಡು ತಮ್ಮ ಬಳಕೆ ತಗ್ಗಿಸಬೇಕು ಎನ್ನುವ ಡಿಗ್ರೋತ್ ಗುಂಪಿನ ಮುಖ್ಯ ದನಿ. 2023ರಲ್ಲಿ ಅವರೂ ಯೆಫಿಮ್ ವೋಗೆಲ್ ಎಂಬವರೂ ಸೇರಿ ಒಂದು ಲೆಕ್ಕ ಪ್ರಕಟಿಸಿದರು. ಆರ್ಥಿಕತೆ ಬೆಳೆಯುತ್ತಿದ್ದಾಗಲೇ ಇಂಗಾಲ ಇಳಿಸಿದ 11 ಶ್ರೀಮಂತ ದೇಶಗಳನ್ನು ತೆಗೆದುಕೊಂಡರು. ಇಳಿಸಿದ್ದು ನಿಜ ಎಂದು ಒಪ್ಪಿಕೊಂಡರು. ಆದರೆ ಅದೇ ವೇಗದಲ್ಲಿ ಹೋದರೆ ಶೇ 95ರಷ್ಟು ಇಳಿಸೋಕೆ ಸರಾಸರಿ 220 ವರ್ಷಕ್ಕಿಂತ ಜಾಸ್ತಿ ಬೇಕು ಎಂದು ತೋರಿಸಿದರು.

ಈಗ ನೀವೇ ಹೇಳಿ, ಯಾರ ಮಾತು ಸರಿ? ಇಬ್ಬರ ಲೆಕ್ಕವೂ ಸರಿಯಾಗಿಯೇ ಇದೆ.

ಮೊದಲ ಕಡೆಯವರಿಗೆ ಬಲ ಕೊಡುವ ಒಂದು ಉದಾಹರಣೆ ಬ್ರಿಟನ್. ಕಲ್ಲಿದ್ದಲಿನಿಂದ ಸಾರ್ವಜನಿಕರಿಗೆ ಕರೆಂಟು ಕೊಡುವ ಕೆಲಸ ಶುರುವಾದದ್ದೇ 1882ರಲ್ಲಿ ಲಂಡನ್ನಿನಲ್ಲಿ. 2024ರ ಸೆಪ್ಟೆಂಬರ್ 30ಕ್ಕೆ ಅಲ್ಲಿನ ಕೊನೆಯ ಕಲ್ಲಿದ್ದಲು ಸ್ಥಾವರ, ರ‍್ಯಾಟ್‌ಕ್ಲಿಫ್, ಮುಚ್ಚಿತು. 142 ವರ್ಷದ ಕಥೆ ಮುಗಿಯಿತು. 1990ಕ್ಕೆ ಹೋಲಿಸಿದರೆ ಆ ದೇಶದೊಳಗಿನ ಹಸಿರುಮನೆ ಅನಿಲ ಅರ್ಧಕ್ಕೆ ಇಳಿದಿದೆ, ಆರ್ಥಿಕತೆ ಬೆಳೆದಿದೆ. ಕಾರ್ಖಾನೆಗಳು ಚೀನಾಕ್ಕೆ ಹೋದವು, ಹೊಗೆಯೂ ಅಲ್ಲಿಗೇ ಹೋಯಿತು ಎಂದು ಕೆಲವರು ಹೇಳುತ್ತಾರೆ. ಅದು ಸ್ವಲ್ಪ ಮಟ್ಟಿಗೆ ನಿಜ. ಆಮದು ಮಾಡಿಕೊಂಡ ಸಾಮಾನಿನ ಹೊಗೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ ಇಳಿಕೆ ಕಡಿಮೆ, ಆದರೂ ಇಳಿದಿರುವುದು ಸುಳ್ಳಲ್ಲ.

ಎರಡನೇ ಕಡೆಯವರಿಗೆ ಬಲ ಕೊಡುವುದು ಇಡೀ ಜಗತ್ತಿನ ಲೆಕ್ಕ. 2010ರಿಂದ 2023ರೊಳಗೆ ಸೋಲಾರ್ ಸ್ಥಾವರದ ಕರೆಂಟಿನ ಖರ್ಚು ಸುಮಾರು ಶೇ 90 ಇಳಿಯಿತು. 2024ರಲ್ಲಿ ಜಗತ್ತು ಹಿಂದೆಂದೂ ಇಲ್ಲದಷ್ಟು ಸೋಲಾರ್ ಹಾಕಿತು. ಅದೇ 2024ರಲ್ಲಿ ಹಿಂದೆಂದೂ ಇಲ್ಲದಷ್ಟು ಕಲ್ಲಿದ್ದಲನ್ನೂ ಸುಟ್ಟಿತು. ಎರಡೂ ದಾಖಲೆ, ಒಂದೇ ವರ್ಷ. ಹೊಸದು ಬಂತು, ಹಳೆಯದು ಜಾಗ ಬಿಡಲಿಲ್ಲ. ನಮ್ಮ ದೇಶದ್ದೂ ಇದೇ ಕಥೆ. 2025ರ ಮಧ್ಯದ ಹೊತ್ತಿಗೆ ಸ್ಥಾಪಿತ ಸಾಮರ್ಥ್ಯದ ಅರ್ಧ ಪಾಲು ಕಲ್ಲಿದ್ದಲು, ಗ್ಯಾಸು ಬಿಟ್ಟ ಮೂಲಗಳದ್ದು ಎಂದು ಸರ್ಕಾರ ಹೆಮ್ಮೆಯಿಂದ ಹೇಳಿತು. ಹೆಮ್ಮೆ ಪಡುವ ವಿಷಯವೇ. ಆದರೆ ನಿಜವಾಗಿ ಹುಟ್ಟುವ ಕರೆಂಟಿನಲ್ಲಿ ಶೇ 70ಕ್ಕಿಂತ ಜಾಸ್ತಿ ಇನ್ನೂ ಕಲ್ಲಿದ್ದಲಿನದು.

ಇಲ್ಲಿ ಸ್ವಲ್ಪ ಆಚೀಚೆ ಹೋಗುತ್ತೇನೆ. 1865ರಲ್ಲಿ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ ಒಂದು ವಿಷಯ ಗಮನಿಸಿದ. ಜೇಮ್ಸ್ ವಾಟ್‌ನ ಉಗಿ ಎಂಜಿನ್ ಹಳೆಯದಕ್ಕಿಂತ ಕಡಿಮೆ ಕಲ್ಲಿದ್ದಲು ತಿನ್ನುತ್ತಿತ್ತು. ಹಾಗಾದರೆ ಇಂಗ್ಲೆಂಡಿನಲ್ಲಿ ಕಲ್ಲಿದ್ದಲಿನ ಖರ್ಚು ಇಳಿಯಬೇಕಿತ್ತು. ಆದದ್ದು ಉಲ್ಟಾ. ಎಂಜಿನ್ ಅಗ್ಗವಾಯಿತು, ಗಿರಣಿ, ಗಣಿ, ರೈಲು ಎಲ್ಲದಕ್ಕೂ ಅದನ್ನೇ ಹಾಕಿದರು, ಒಟ್ಟು ಕಲ್ಲಿದ್ದಲು ಏರಿತು. ನಮ್ಮೂರಲ್ಲಿ ಎಲ್‌ಇಡಿ ಬಂದಾಗ ಏನಾಯಿತು ನೋಡಿ. 60 ವ್ಯಾಟಿನ ಬಲ್ಬ್ ಜಾಗದಲ್ಲಿ 9 ವ್ಯಾಟಿನದು ಬಂತು. ಮನೆಯೊಳಗೆ ಉಳಿತಾಯ ಖಂಡಿತ ಆಯಿತು. ಆದರೆ ಕಲ್ಯಾಣಮಂಟಪದ ಮುಂದೆ, ಲೇಔಟಿನ ಕಮಾನಿನ ಮೇಲೆ, ಜಾಹೀರಾತಿನ ಬೋರ್ಡಿನಲ್ಲಿ ಬೆಳಗಾಗುವ ತನಕ ಉರಿಯುವ ದೀಪಗಳು ಎಷ್ಟು ಹೆಚ್ಚಾದವು! ಉಳಿತಾಯ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ಉಳಿಸಿದ್ದು ಎಲ್ಲಿಗೆ ಹೋಯಿತು ಅಂತ ನೋಡುವವರು ಬೇಕು.

ಮತ್ತೆ ದಾರಿಗೆ ಬರೋಣ. 2020ರಲ್ಲಿ ಕೊರೊನಾದಿಂದ ಜಗತ್ತು ನಿಂತಿತಲ್ಲ, ಆ ವರ್ಷ ಇಂಗಾಲ ಇಳಿದದ್ದು ಶೇ 5ಕ್ಕಿಂತ ತುಸು ಜಾಸ್ತಿ. ಬಿಸಿಯನ್ನು 1.5 ಡಿಗ್ರಿಯೊಳಗೆ ಹಿಡಿಯಬೇಕಾದರೆ 2020ರಿಂದ 2030ರ ತನಕ ವರ್ಷಕ್ಕೆ ಶೇ 7.6 ಇಳಿಸಬೇಕು ಎಂದು ವಿಶ್ವಸಂಸ್ಥೆಯ ಪರಿಸರ ಸಂಸ್ಥೆ 2019ರಲ್ಲಿ ಹೇಳಿತ್ತು. ವಿಮಾನ ನಿಂತು, ಬಸ್ಸು ನಿಂತು, ಕೂಲಿಯವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೆದ್ದಾರಿಯಲ್ಲಿ ನೂರಾರು ಮೈಲಿ ನಡೆದ ವರ್ಷದಲ್ಲೂ ನಾವು ಅಷ್ಟು ಇಳಿಸಲಿಲ್ಲ. ಬೆಳವಣಿಗೆ ನಿಲ್ಲಿಸಿದರೆ ಸಾಕು ಎನ್ನುವವರಿಗೆ ಇದೇ ಉತ್ತರ ಎಂದು ಕೆಲವರು ಹೇಳುತ್ತಾರೆ. ಅದು ಕುಸಿತ, ನಾವು ಕೇಳುತ್ತಿರುವುದು ಯೋಜನೆ ಮಾಡಿ ಇಳಿಸುವುದು, ಬಡವರಿಗೆ ಆಸರೆ ಕೊಟ್ಟು ಇಳಿಸುವುದು ಎಂದು ಹಿಕಲ್ ಕಡೆಯವರು ತಿರುಗಿ ಹೇಳುತ್ತಾರೆ. ಅದೂ ನ್ಯಾಯವಾದ ಮಾತೇ.

ಈ ಜಗಳವನ್ನು ನಾವು ಭಾರತದಲ್ಲಿ ಕೂತು ಕೇಳುವಾಗ ಬೇರೆಯೇ ತೊಡಕು ಇದೆ. ನಮ್ಮಲ್ಲಿ ತಲಾ ವಿದ್ಯುತ್ ಬಳಕೆ ವರ್ಷಕ್ಕೆ 1,400 ಯೂನಿಟ್ ಆಸುಪಾಸು. ಅಮೆರಿಕದಲ್ಲಿ 12,000 ಯೂನಿಟ್‌ಗೂ ಜಾಸ್ತಿ. ತಲಾ ಇಂಗಾಲ ನಮ್ಮದು ಸುಮಾರು 2 ಟನ್, ಅವರದು ಸುಮಾರು 14. ಹೀಗಿರುವಾಗ ಒಂದು ಫ್ಯಾನು, ಎರಡು ಬಲ್ಬು ಇರುವ ಮನೆಯವರಿಗೆ ಬಳಕೆ ಇಳಿಸಿ ಎಂದು ಯಾವ ಬಾಯಿಂದ ಹೇಳುವುದು? ಹಿಕಲ್ ಕೂಡ ಹಾಗೆ ಹೇಳುವುದಿಲ್ಲ. ಬಡ ದೇಶಗಳಿಗೆ ಇನ್ನೂ ಶಕ್ತಿ ಬೇಕು, ಅದಕ್ಕಾಗಿಯೇ ಶ್ರೀಮಂತರು ಜಾಗ ಬಿಡಬೇಕು ಎನ್ನುವುದು ಅವರ ವಾದ.

ಆದರೆ ಒಂದು ಮಾತು. ಆ 1,400 ಯೂನಿಟ್ ಎನ್ನುವುದು ಯಾರದ್ದೂ ಅಲ್ಲದ ಸರಾಸರಿ. ಅದರೊಳಗೆ ಹೊಸನಗರದ ಕಾಡಂಚಿನ ಮನೆಯೂ ಇದೆ, ಬೆಂಗಳೂರಿನ ಗಾಜಿನ ಕಟ್ಟಡವೂ ಇದೆ, ಹಗಲೂ ರಾತ್ರಿ ಏಸಿ ಓಡುವ ಡೇಟಾ ಸೆಂಟರೂ ಇದೆ. ಯೋಜನೆ ಮಂಜೂರು ಮಾಡಿಸುವಾಗ ಮುಂದೆ ನಿಲ್ಲಿಸುವುದು ಬಡವರ ಮನೆಯನ್ನು. ಕರೆಂಟು ಹರಿಯುವುದು ಬೇರೆ ಕಡೆಗೆ. ನಮ್ಮ ದೇಶಕ್ಕೆ ಬೆಳವಣಿಗೆ ಬೇಕು ಎನ್ನುವ ನಿಜವಾದ ಮಾತನ್ನು ಹೀಗೆ ಬಳಸಿಕೊಳ್ಳುವುದು ನನಗೆ ಬಹಳ ಸಂಕಟ ಕೊಡುತ್ತದೆ.

ಅಣುವಿದ್ಯುತ್ ವಿಚಾರ ಬೇಗ ಮುಗಿಸುತ್ತೇನೆ, ಯಾಕೆಂದರೆ ಅಲ್ಲಿ ಎರಡೂ ಕಡೆ ಗಟ್ಟಿಯಾಗಿ ಬೇರೂರಿವೆ. 1988ರಲ್ಲಿ ಅಮೆರಿಕದ ಸೆನೆಟ್ ಮುಂದೆ ಭೂಮಿ ಬಿಸಿಯಾಗುತ್ತಿದೆ ಎಂದು ಸಾಕ್ಷಿ ಹೇಳಿದ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್. ಅವರೇ 2013ರಲ್ಲಿ ಇನ್ನು ಮೂವರ ಜೊತೆ ಸೇರಿ, ಪರಿಸರವಾದಿಗಳೇ ಅಣುವಿದ್ಯುತ್ತನ್ನು ವಿರೋಧಿಸಬೇಡಿ ಎಂದು ಬಹಿರಂಗ ಪತ್ರ ಬರೆದರು. ಜರ್ಮನಿಯ ಹಸಿರು ಚಳವಳಿ ಹುಟ್ಟಿ ಬೆಳೆದದ್ದೇ ಅಣು ವಿರೋಧದಲ್ಲಿ, 2023ರ ಏಪ್ರಿಲ್ 15ಕ್ಕೆ ಅಲ್ಲಿನ ಕೊನೆಯ ಮೂರು ಸ್ಥಾವರಗಳನ್ನು ನಿಲ್ಲಿಸಿದರು. ನಮ್ಮಲ್ಲಿ ಕೈಗಾ ಅಣುಸ್ಥಾವರ ಬೇಡ ಎಂದು ಶಿವರಾಮ ಕಾರಂತರು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆ ಚುನಾವಣೆಗೇ ನಿಂತರು, ಸೋತರು. ಆ ಕೈಗಾದ ಒಂದನೇ ಘಟಕ 2018ರಲ್ಲಿ, 962 ದಿನ ಒಂದೇ ಸಮನೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಇಂಗಾಲ ಇಲ್ಲದ ಕರೆಂಟು ಬೇಕು ಎನ್ನುವ ಹುಡುಗರಿಗೆ ಆ ದಾಖಲೆ ಕಾಣುತ್ತದೆ. ಕೈಗಾ ಇರುವ ಕಾಳಿ ನದಿಯ ಕಣಿವೆಯನ್ನು ನೋಡಿದವರಿಗೆ ಕಳೆದುಹೋದ ಕಾಡು ಕಾಣುತ್ತದೆ.

ಈಗ ನಮ್ಮ ಪಕ್ಕದ್ದೇ ವಿಷಯಕ್ಕೆ ಬರೋಣ. ಶರಾವತಿ ಪಂಪ್ಡ್ ಸ್ಟೋರೇಜ್. ಇಲ್ಲಿ ಕೂತವರಲ್ಲಿ ಇದರ ಪರ ಇರುವವರೂ ಇದ್ದೀರಿ, ವಿರೋಧ ಇರುವವರೂ ಇದ್ದೀರಿ.

ಮೊದಲು ಅದು ಯಾಕೆ ಬೇಕು ಎನ್ನುತ್ತಾರೆ ನೋಡೋಣ. ಸೋಲಾರ್ ಕರೆಂಟು ಮಧ್ಯಾಹ್ನ ಉಕ್ಕುತ್ತದೆ. ಸಂಜೆ ಆರು ಗಂಟೆಗೆ ಬಿಸಿಲು ಹೋಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಮನೆಮನೆಯಲ್ಲಿ ದೀಪ, ಟಿವಿ, ಮಿಕ್ಸಿ ಎಲ್ಲ ಶುರು. ಮಧ್ಯಾಹ್ನದ್ದನ್ನು ಸಂಜೆಗೆ ಎತ್ತಿಡಬೇಕು. ಅದಕ್ಕೆ ಎರಡು ಜಲಾಶಯ, ಒಂದು ಮೇಲೆ, ಒಂದು ಕೆಳಗೆ. ಹೆಚ್ಚಾದ ಕರೆಂಟಿನಿಂದ ಗೇರುಸೊಪ್ಪೆಯ ನೀರನ್ನು ಮೇಲೆ ತಲಕಳಲೆಗೆ ಪಂಪು ಮಾಡುವುದು, ಸಂಜೆ ಅದೇ ನೀರನ್ನು ಕೆಳಗೆ ಬಿಟ್ಟು 2,000 ಮೆಗಾವ್ಯಾಟ್ ತೆಗೆಯುವುದು. ನೂರು ಯೂನಿಟ್ ಹಾಕಿದರೆ ಎಂಬತ್ತರ ಸುತ್ತಮುತ್ತ ವಾಪಸ್ ಬರುತ್ತದೆ. ಅಂದರೆ ಇದು ಕರೆಂಟು ಹುಟ್ಟಿಸುವ ಯೋಜನೆ ಅಲ್ಲ, ಎತ್ತಿಡುವ ಯೋಜನೆ. ಜಲಾಶಯಗಳು ಆಗಲೇ ಇವೆ, ಹೊಸದಾಗಿ ಊರು ಮುಳುಗುವುದಿಲ್ಲ ಎನ್ನುವುದು ಸರ್ಕಾರದ ಮಾತು.

ಬೇಡ ಎನ್ನುವವರ ಮಾತು: ಇದು ಸಿಂಗಳೀಕಗಳ ಅಭಯಾರಣ್ಯ. ಸಿಂಗಳೀಕ ನೆಲಕ್ಕಿಳಿಯುವುದು ಕಡಿಮೆ, ಮರದಿಂದ ಮರಕ್ಕೇ ಅದರ ಓಡಾಟ. ರಸ್ತೆಗೋಸ್ಕರ ನೆತ್ತಿಯ ಕೊಂಬೆಗಳ ಸಾಲು ಒಂದು ಕಡೆ ತುಂಡಾದರೆ ಗುಂಪು ಎರಡಾಗುತ್ತದೆ. ಸುರಂಗ, ಸ್ಫೋಟ, ಮಣ್ಣು ಸುರಿಯುವ ಜಾಗ, ಇವೆಲ್ಲ ಘಟ್ಟದ ಕಡಿದಾದ ಇಳಿಜಾರಿನಲ್ಲಿ. ಜೊತೆಗೆ ನೆನಪು ಇದೆ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಊರುಗಳವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ನಾಡಿಗೆ ಬೆಳಕು ಕೊಡಿ ಎಂದು ಒಮ್ಮೆ ಕೇಳಿದ್ದೀರಿ, ಕೊಟ್ಟೆವು, ಮತ್ತೆ ನಮ್ಮನ್ನೇ ಯಾಕೆ ಕೇಳುತ್ತೀರಿ ಎನ್ನುವ ಮಾತು 2025ರ ಅಹವಾಲು ಸಭೆಗಳ ಹೊತ್ತಿನಲ್ಲಿ ಈ ಭಾಗದಲ್ಲೆಲ್ಲ ಕೇಳಿಬಂತು.

ನನಗೆ ಗೊತ್ತಿರುವ ಇಬ್ಬರು ಗೆಳೆಯರು, ಒಟ್ಟಿಗೆ ಗಣಿ ವಿರುದ್ಧ ಹೋರಾಡಿದವರು, ಈ ವಿಷಯಕ್ಕೆ ಮಾತು ಬಿಟ್ಟಿದ್ದಾರೆ. ಒಬ್ಬರು ಕೇಳಿದರು: "ಸೋಲಾರ್ ಬೇಕು ಅಂತೀಯ, ಅದನ್ನ ಎತ್ತಿಡೋದು ಬೇಡ ಅಂತೀಯ. ರಾತ್ರಿಗೆ ಕಲ್ಲಿದ್ದಲೇ ಗತಿ ಆಗಲಿ ಅಂತಾನಾ ಮಾರಾಯ?" ಇನ್ನೊಬ್ಬರು ಹೇಳಿದರು: "ಕಾಡು ಕಡಿದು ಹವಾಮಾನ ಉಳಿಸ್ತೀನಿ ಅನ್ನೋನು ನೀನು. ಗುತ್ತಿಗೆದಾರನ ಭಾಷೆ ಯಾವಾಗಿಂದ ಕಲಿತೆ?" ಇಬ್ಬರೂ ನೊಂದುಕೊಂಡೇ ಮಾತಾಡಿದ್ದು.

ಈ ಇಬ್ಬರ ಜಗಳದಲ್ಲಿ ಇಬ್ಬರೂ ಒಪ್ಪಿಕೊಂಡುಬಿಟ್ಟ ಒಂದು ವಿಷಯ ಇದೆ. ಸಂಜೆಗೆ ಇಷ್ಟು ಸಾವಿರ ಮೆಗಾವ್ಯಾಟ್ ಬೇಕೇ ಬೇಕು ಎನ್ನುವ ಅಂದಾಜು. ಅದನ್ನು ಯಾರು ಹಾಕಿದರು, ಹೇಗೆ ಹಾಕಿದರು? ಓಸ್ಲೊದಲ್ಲೂ ಅಷ್ಟೆ, ಪೋಲಿನ್ ಮತ್ತು ಹಿಕಲ್ ಅವರ ಹಿಂಬಾಲಕರ ಗಲಾಟೆಯಲ್ಲೂ ಎಷ್ಟೋ ಸಲ ಅಷ್ಟೆ. ಕರೆಂಟು ಎಲ್ಲಿಂದ ಎನ್ನುವುದಕ್ಕೆ ಹೊಡೆದಾಟ, ಯಾತಕ್ಕೆ ಎನ್ನುವುದು ಹಿಂದೆ ಬೀಳುತ್ತದೆ.

ಅಮೂಲ್ಯ ರೆಡ್ಡಿ ಅವರ ಹೆಸರನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಕೈ ಎತ್ತಿದವರು ಕಡಿಮೆ, ಅದು ನಮ್ಮೆಲ್ಲರ ನಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. 1974ರಲ್ಲಿ ಅಲ್ಲಿ ಅಸ್ತ್ರ ಎಂಬ ಕೇಂದ್ರ ಶುರು ಮಾಡಿದರು, ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವುದಕ್ಕೆ. 2006ರಲ್ಲಿ ತೀರಿಕೊಂಡರು. ಅವರು ಹೇಳುತ್ತಿದ್ದ ಮಾತಿನ ಸಾರ ಇದು: ಜನಕ್ಕೆ ಬೇಕಾದದ್ದು ಯೂನಿಟ್ ಅಲ್ಲ. ಬೆಳಕು ಬೇಕು, ಕುಡಿಯುವ ನೀರು ಬೇಕು, ಬೆಂದ ಅನ್ನ ಬೇಕು, ಸ್ನಾನಕ್ಕೆ ಬಿಸಿನೀರು ಬೇಕು. ಮೊದಲು ಅದನ್ನು ಎಣಿಸಿ. ಆಮೇಲೆ ಅದಕ್ಕೆ ಎಷ್ಟು ಕರೆಂಟು ಸಾಕು ಅಂತ ನೋಡಿ.

ಎಂಬತ್ತರ ದಶಕದ ಕೊನೆಯಲ್ಲಿ ಕರ್ನಾಟಕಕ್ಕೆ 2000ದ ಇಸವಿ ತನಕ ಎಷ್ಟು ವಿದ್ಯುತ್ ಬೇಕು ಎಂದು ಸರ್ಕಾರ ಒಂದು ದೂರದ ಯೋಜನೆ ಮಾಡಿಸಿತು. ಮಾಮೂಲಿ ರೀತಿ: ಹಿಂದಿನ ವರ್ಷಗಳ ಗೆರೆಯನ್ನು ಹಾಗೇ ಮೇಲಕ್ಕೆ ಎಳೆಯುವುದು. ಬಂದ ಅಂಕಿ ಭಾರಿ ದೊಡ್ಡದು, ಅದಕ್ಕೆ ದುಡ್ಡೇ ಇರಲಿಲ್ಲ. ರೆಡ್ಡಿ ಮತ್ತು ಅವರ ಜೊತೆಗಾರರು ಅದೇ ಕರ್ನಾಟಕದ ಲೆಕ್ಕವನ್ನು ಕೆಳಗಿನಿಂದ ಹಾಕಿದರು. ಎಲ್ಲ ಮನೆಗೂ ಕರೆಂಟು ಕೊಡುವುದನ್ನು ಸೇರಿಸಿಯೇ ಹಾಕಿದರು. ಗೀಸರ್ ಜಾಗದಲ್ಲಿ ಸೋಲಾರ್ ವಾಟರ್ ಹೀಟರ್, ಬುರುಡೆ ದೀಪದ ಜಾಗದಲ್ಲಿ ಸಿಎಫ್‌ಎಲ್, ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಮತ್ತು ಪೈಪು ಬದಲಾವಣೆ, ಹೀಗೆ ಒಂದೊಂದೇ. ಕೊನೆಗೆ ಸರ್ಕಾರಿ ಯೋಜನೆ ಹೇಳಿದ್ದರ ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಆಗುತ್ತದೆ ಎಂದು ತೋರಿಸಿದರು. ಬೆಂಗಳೂರಿನ ಮನೆಗಳ ಮೇಲೆ ಇವತ್ತು ಸಾಲುಸಾಲಾಗಿ ಸೋಲಾರ್ ವಾಟರ್ ಹೀಟರ್ ಕಾಣುತ್ತದಲ್ಲ, ಹಾಗೆ ಆಗಬಹುದು ಎಂದು ಕಾಗದದ ಮೇಲೆ ಎಣಿಸಿದ್ದವರು ಇವರು.

ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯ ಕಥೆಯನ್ನೂ ಹೇಳಲೇಬೇಕು. ಅಲ್ಲಿ ಊರಿಗೆಲ್ಲ ಸೇರಿ ಸಗಣಿ ಗ್ಯಾಸಿನ ಸ್ಥಾವರ ಕಟ್ಟಿದರು. ಗ್ಯಾಸಿನಿಂದ ಎಂಜಿನ್ ಓಡಿಸಿ ಕರೆಂಟು, ಆ ಕರೆಂಟಿನಿಂದ ಕೊಳವೆಬಾವಿಯ ನೀರು ಮನೆ ಹತ್ತಿರಕ್ಕೆ, ಸಂಜೆಗೆ ಮನೆಗೆ ದೀಪ. ಬೆಳಿಗ್ಗೆ ಹೆಂಗಸರು, ಮಕ್ಕಳು ಸಗಣಿ ತಂದು ತೂಕ ಹಾಕಿಸಿ ಸುರಿಯುತ್ತಿದ್ದರು, ಗೊಬ್ಬರದ ಬಗ್ಗಡವನ್ನು ವಾಪಸ್ ಒಯ್ಯುತ್ತಿದ್ದರು, ತಂದದ್ದಕ್ಕೆ ಒಂದಿಷ್ಟು ಕಾಸೂ ಸಿಗುತ್ತಿತ್ತು. ಎಂಥ ಸಣ್ಣ ಯಂತ್ರ, ಆದರೆ ನೀರು ಹೊರುವ ಹೊರೆಯನ್ನು ಕೆಳಗಿಳಿಸಿತು. ಇದನ್ನು ಬೆಳವಣಿಗೆ ಅಂತೀರಾ, ಅಲ್ಲ ಅಂತೀರಾ? ಜಿಡಿಪಿಯಲ್ಲಿ ಇದು ಎಷ್ಟು ಕಾಣಿಸೀತು?

1985ರಲ್ಲಿ ರೆಡ್ಡಿಯವರು, ಬ್ರೆಜಿಲ್‌ನ ಗೋಲ್ಡೆಂಬರ್ಗ್, ಸ್ವೀಡನ್ನಿನ ಯೋಹಾನ್ಸನ್, ಅಮೆರಿಕದ ವಿಲಿಯಮ್ಸ್, ನಾಲ್ವರೂ ಸೇರಿ ಇನ್ನೊಂದು ಲೆಕ್ಕ ಕೊಟ್ಟರು. ಒಳ್ಳೆಯ ಒಲೆ, ಒಳ್ಳೆಯ ಮೋಟಾರು, ಒಳ್ಳೆಯ ಬಸ್ಸು ಇದ್ದರೆ, ಎಪ್ಪತ್ತರ ದಶಕದ ಪಶ್ಚಿಮ ಯುರೋಪಿನಷ್ಟು ಚೆನ್ನಾಗಿ ಬದುಕಲು ಒಬ್ಬರಿಗೆ ಸರಾಸರಿ ಒಂದು ಕಿಲೋವ್ಯಾಟ್ ಶಕ್ತಿ ಸಾಕು. ಕರೆಂಟು, ಸೌದೆ, ಪೆಟ್ರೋಲು ಎಲ್ಲ ಸೇರಿ, ದಿನಕ್ಕೆ 24 ಯೂನಿಟ್. 2020ರಲ್ಲಿ ಬೇರೆ ಸಂಶೋಧಕರು ಹೊಸ ಅಂಕಿಗಳಿಟ್ಟು ನೋಡಿದಾಗಲೂ, 2050ರಲ್ಲಿ ಇಡೀ ಜಗತ್ತಿಗೆ ಮರ್ಯಾದೆಯ ಬದುಕು ಕೊಡಲು ಈಗ ಬಳಸುವುದಕ್ಕಿಂತ ಶೇ 60ರಷ್ಟು ಕಡಿಮೆ ಶಕ್ತಿ ಸಾಕಾಗಬಹುದು ಎಂದು ಬಂತು. ಡಿಗ್ರೋತ್‌ನವರು ಇದನ್ನು ತಮ್ಮ ಪರ ಎನ್ನುತ್ತಾರೆ. ಇಂಧನ ಉಳಿತಾಯಕ್ಕೆ ಬಂಡವಾಳ ಹಾಕಿ ಎನ್ನುವ ಪೋಲಿನ್ ಕೂಡ ಇದಕ್ಕೆ ಇಲ್ಲ ಎನ್ನಲಾರರು. ಮಾತು ಬಿಟ್ಟ ಇಬ್ಬರನ್ನು ಒಂದೇ ಮೇಜಿನ ಹತ್ತಿರ ಕೂರಿಸಬಹುದಾದ ಜಾಗ ಇದ್ದರೆ ಅದು ಇದು.

ಹಾಗಂತ ಉಳಿಸಿದರೆ ಸಾಕು, ಹೊಸದು ಏನೂ ಬೇಡ ಎಂದು ನಾನು ಹೇಳಲಾರೆ. ಕಲ್ಲಿದ್ದಲು ನಿಲ್ಲಬೇಕಾದರೆ ಸೋಲಾರ್, ಗಾಳಿ ದೊಡ್ಡ ಪ್ರಮಾಣದಲ್ಲೇ ಬೇಕು. ಹೇಗೆ ತರುತ್ತೇವೆ ಎನ್ನುವುದಕ್ಕೆ ಪಾವಗಡದ ಸೋಲಾರ್ ಪಾರ್ಕ್ ನೋಡಿ. 2,050 ಮೆಗಾವ್ಯಾಟ್, ಸುಮಾರು 13,000 ಎಕರೆ. ಅಲ್ಲಿ ಸರ್ಕಾರ ಜಮೀನು ಕಿತ್ತುಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ, ಗುತ್ತಿಗೆಗೆ ತೆಗೆದುಕೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಬರಗಾಲಕ್ಕೆ ಶೇಂಗಾ ಒಣಗಿ ಸಾಕಾಗಿದ್ದ ರೈತರಿಗೆ ಅದು ದೊಡ್ಡ ಆಸರೆ. ಇದು ಒಳ್ಳೆಯ ಮಾದರಿ, ನಾನು ಮೆಚ್ಚುತ್ತೇನೆ. ಆದರೆ ಬಾಡಿಗೆ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲದಲ್ಲಿ ಕಳೆ ತೆಗೆದು, ಕಾಯಿ ಬಿಡಿಸಿ ಬದುಕುತ್ತಿದ್ದ ಕೂಲಿ ಹೆಂಗಸಿಗೆ ಪಹಣಿ ಇಲ್ಲ. ಕುರಿ ಮೇಯಿಸುವವರಿಗೂ ಇಲ್ಲ. ಬೇಲಿ ಬಿತ್ತು, ಮೇವು ಹೋಯಿತು. ಕೆಲವರಿಗೆ ಪ್ಯಾನೆಲ್ ತೊಳೆಯುವ, ಹುಲ್ಲು ಕೀಳುವ ಕೆಲಸ ಸಿಕ್ಕಿತು, ಎಲ್ಲರಿಗೂ ಅಲ್ಲ. ಫೋಸೆನ್‌ನ ಹಿಮಸಾರಂಗದವರಿಗೆ ಸುಪ್ರೀಂ ಕೋರ್ಟಾದರೂ ಇತ್ತು.

ಪಂಪ್‌ಸೆಟ್ ವಿಷಯಕ್ಕೂ ಬರಬೇಕು. ನಮ್ಮ ರಾಜ್ಯದ ಕರೆಂಟಿನಲ್ಲಿ ಸುಮಾರು ಮೂರನೇ ಒಂದು ಪಾಲು ಕುಡಿಯುವುದು ಅವು. ತ್ರೀ ಫೇಸ್ ಯಾವ ಹೊತ್ತಿಗೆ ಕೊಡುತ್ತಾರೋ ಆ ಹೊತ್ತಿಗೆ ರೈತ ಎದ್ದು ಹೋಗಬೇಕು. ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು ಗದ್ದೆಗೆ ಹೋಗಿ ಹಾವು ಕಚ್ಚಿಸಿಕೊಂಡವರನ್ನು ನೀವೂ ಬಲ್ಲಿರಿ, ನಾನೂ ಬಲ್ಲೆ. ನೀರೆತ್ತುವುದು ಹಗಲಲ್ಲೇ ಮಾಡಬಹುದಾದ ಕೆಲಸ. ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೋಲಾರ್ ಸ್ಥಾವರ ಹಾಕಿ ಪಂಪ್‌ಸೆಟ್ ಫೀಡರಿಗೆ ಹಗಲು ಕರೆಂಟು ಕೊಡುವ ಕುಸುಮ್ ಯೋಜನೆ ಶುರುವಾಗಿದೆ. 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯಲ್ಲಿ ಉದ್ಘಾಟನೆಯೂ ಆಯಿತು. ಇದು ರಾಜ್ಯದ ತುಂಬ ಆದರೆ ಮಧ್ಯಾಹ್ನದ ಬಿಸಿಲು ಮಧ್ಯಾಹ್ನವೇ ಕೆಲಸಕ್ಕೆ ಬರುತ್ತದೆ, ಎತ್ತಿಡಬೇಕಾದದ್ದು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಆದರೆ ಎಚ್ಚರ ಬೇಕು. ಹಗಲಿಡೀ ಪುಕ್ಕಟೆ ಕರೆಂಟು ಅಂತಾದರೆ ಕೊಳವೆಬಾವಿ ಇನ್ನೂ ಆಳಕ್ಕೆ ಹೋಗುತ್ತದೆ, ಜೆವನ್ಸ್ ಹೇಳಿದ್ದು ಹೊಲದಲ್ಲೂ ನಡೆಯುತ್ತದೆ. ಅಂತರ್ಜಲಕ್ಕೂ ಒಂದು ಲೆಕ್ಕ ಇಡಲೇಬೇಕು.

ಹಾಗಾದರೆ ನೀವು ಶರಾವತಿ ಯೋಜನೆಯ ಪರವೋ ವಿರೋಧವೋ ಎಂದು ಆಗಲೇ ಒಬ್ಬರು ಚೀಟಿ ಕಳಿಸಿದ್ದಾರೆ. ತಪ್ಪಿಸಿಕೊಳ್ಳುವುದಿಲ್ಲ. ಈಗಿರುವ ರೂಪದಲ್ಲಿ ನಾನು ವಿರೋಧಿ. ಎತ್ತಿಡುವ ಉಪಾಯವೇ ಕೆಟ್ಟದ್ದು ಎನ್ನುವ ಕಾರಣಕ್ಕಲ್ಲ. ಸಿಂಗಳೀಕದ ಕಾಡನ್ನು ಮುಟ್ಟುವುದಕ್ಕೆ ಮುಂಚೆ ಮಾಡಬೇಕಿದ್ದ ಲೆಕ್ಕವನ್ನು ಯಾರೂ ನಮ್ಮ ಮುಂದೆ ಇಟ್ಟಿಲ್ಲ ಎನ್ನುವ ಕಾರಣಕ್ಕೆ.

ಮುಂದಿನ ಸಭೆಗೆ ಹೋದಾಗ ಪರ ಇರುವವರೂ ವಿರೋಧ ಇರುವವರೂ ಸೇರಿ ಒಂದೇ ಅರ್ಜಿ ಕೊಡಿ. ಪಂಪ್‌ಸೆಟ್‌ಗಳನ್ನೆಲ್ಲ ಹಗಲಿಗೆ ತಂದ ಮೇಲೆ ಸಂಜೆಗೆ ಎಷ್ಟು ಕೊರತೆ ಉಳಿಯುತ್ತದೆ? ಅದರಲ್ಲಿ ಬಡಾವಣೆಯ, ಹಳ್ಳಿಯ ಮನೆಗಳ ಪಾಲು ಎಷ್ಟು, ಬೆಂಗಳೂರಿನ ಏಸಿ, ಡೇಟಾ ಸೆಂಟರುಗಳ ಪಾಲು ಎಷ್ಟು? ಸಬ್‌ಸ್ಟೇಷನ್‌ಗಳಲ್ಲಿ ಬ್ಯಾಟರಿ ಇಟ್ಟರೆ ಎಷ್ಟು ತುಂಬುತ್ತದೆ, ಖರ್ಚೆಷ್ಟು? ಇದೆಲ್ಲ ಆದ ಮೇಲೂ ಈ ಯೋಜನೆ ಬೇಕು ಅಂತಾದರೆ, ಅದು ಚಾಲೂ ಆದ ದಿನ ರಾಯಚೂರಿನ ಕಲ್ಲಿದ್ದಲು ಸ್ಥಾವರದ ಯಾವ ಘಟಕ ನಿಲ್ಲುತ್ತದೆ? ನಿಂತರೆ ಆ ಸ್ಥಾವರ ಇರುವ ಶಕ್ತಿನಗರದ ಗುತ್ತಿಗೆ ಕಾರ್ಮಿಕರಿಗೆ ಏನು ವ್ಯವಸ್ಥೆ? ಲಿಂಗನಮಕ್ಕಿಯವರ ಹಕ್ಕುಪತ್ರ ಅದಕ್ಕಿಂತ ಮುಂಚೆ ಕೈಗೆ ಬರುತ್ತದಾ? ಇದಕ್ಕೆಲ್ಲ ಉತ್ತರ ಬರೆದು, ಕನ್ನಡದಲ್ಲಿ ಅಚ್ಚು ಹಾಕಿಸಿ, ಗ್ರಾಮ ಪಂಚಾಯಿತಿಯಲ್ಲಿ ಇಟ್ಟು, ಜನಕ್ಕೆ ಓದಲು ಮೂರು ತಿಂಗಳು ಕೊಟ್ಟರೆ ನನ್ನ ಉತ್ತರ ಬದಲಾಗಲೂಬಹುದು.